ಕಡೇ ಸೀನು ಬಾಕಿ

ಮನೆಯೊಳಗೆ ಕ್ಯಾಮೆರಾ ಹೊಕ್ಕ ವಾರದಲ್ಲೇ ಜಲನಗರದ ಆ ಮನೆಯವರ ನಡವಳಿಕೆ ಬದಲಾಯಿತು. ಅತ್ತೆ ಸೀತವ್ವ ದಿನಾ ತಲೆ ಬಾಚಿ, ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ಉಟ್ಟು ರೊಟ್ಟಿ ಬಡಿಯಲು ಕೂರತೊಡಗಿದಳು. ಗಂಡ ಶಾಂತಪ್ಪ ಉಂಡ ತಾಟನ್ನು ತಾನೇ ತೊಳೆದಿಟ್ಟ. ಮದುವೆಯಾದಂದಿನಿಂದ ಗೌತಮಿ ಬಾಯಿ ನೋಯುವಷ್ಟು ಹೇಳಿದರೂ ಆಗದ ಕೆಲಸ ಅದು. ಇಂಥ ಪವಾಡ ಆಗುವುದಿದ್ದರೆ ಈ ಕ್ಯಾಮೆರಾ ಇನ್ನೂ ಮೊದಲೇ ಬರಬಾರದಿತ್ತೇ ಎಂದು ಅವಳಿಗೆ ಅನ್ನಿಸಿತು.

ಕ್ಯಾಮೆರಾ ಹಿಡಿದವಳು ಮಗಳು ವಿಶಾಖಾ. ಪತ್ರಿಕೋದ್ಯಮ ಓದುತ್ತಿದ್ದ ಅವಳು ಕೊನೆಯ ವರ್ಷ ಒಂದು ಸಾಕ್ಷ್ಯಚಿತ್ರ ಮಾಡಿ ಒಪ್ಪಿಸಬೇಕಿತ್ತು. ಗೆಳತಿಯರು ಬಾವಡಿ ಎನ್ನುವ ಹಳೇ ಮೆಟ್ಟಿಲುಬಾವಿ, ದ್ರಾಕ್ಷಿ ತೋಟ ಎಂದು ವಿಷಯ ಹುಡುಕಿಕೊಂಡರೆ ಇವಳು ಹೆತ್ತ ಅಪ್ಪನನ್ನೇ ಆರಿಸಿಕೊಂಡಿದ್ದಳು. ಒಂದು ಸಿನಿಮಾ ಮುಗಿಸಬೇಕೆಂದು ಅರ್ಧ ಆಯುಷ್ಯ ಕಳೆದ ಮನುಷ್ಯ ಕಣ್ಣೆದುರೇ ಚಹಾ ಕುಡಿಯುತ್ತ ಕೂತಿರುವಾಗ ಬೇರೆ ಕಡೆ ಯಾಕೆ ಹೋಗಲಿ ಎಂಬುದು ಅವಳ ವಾದ. ಗೌತಮಿ ಮಾತ್ರ ಬೇಡವೆಂದಳು. ಮನೆಯ ಮಾತನ್ನು ಊರಿಗೆ ತೋರಿಸುವುದೇಕೆ ಎಂದು ಗದರಿದಳು. ನಿಜವಾದ ಕಾರಣ ಬೇರೆಯೇ ಇತ್ತು, ಅದು ಗೌತಮಿಯೊಬ್ಬಳಿಗೇ ಗೊತ್ತಿತ್ತು.

ಶಾಂತಪ್ಪನ ಸಿನಿಮಾದ ಹೆಸರು ‘ಕಳ್ಳಕವಟಗಿಯ ಸೊಸೆ’. ಅದು ಅವನ ತಾಯಿಯದೇ ಕಥೆ. ಟಿಕೋಟಾ ಹತ್ತಿರದ ಕಳ್ಳಕವಟಗಿಗೆ ಸೊಸೆಯಾಗಿ ಬಂದವಳು, ಗಂಡ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತದ್ದು, ಆಮೇಲೆ ಕೂಲಿ ಮಾಡಿ ಮಗನನ್ನು ಓದಿಸಿದ್ದು. ಹದಿನೈದು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಅದನ್ನು ಅದೇ ಊರಲ್ಲಿ ಶೂಟ್ ಮಾಡಿದರು. ಒಂದೇ ಒಂದು ಸೀನು ಉಳಿಯಿತು. ಅಂದಿನಿಂದ ಶಾಂತಪ್ಪ ಇಬ್ರಾಹಿಂಪುರದಲ್ಲಿರುವ ಗೆಳೆಯ ಅಲ್ಲಾಉದ್ದೀನನ ಸ್ಟುಡಿಯೋದಲ್ಲಿ ಮಂದಿಯ ಮದುವೆ ವಿಡಿಯೋ ಕತ್ತರಿಸಿ ಜೋಡಿಸುತ್ತಾನೆ, ಬಿಡುವಾದಾಗ ತನ್ನ ಸಿನಿಮಾ ತೆಗೆದು ನೋಡುತ್ತಾನೆ. ಮನೆ ನಡೆಯುವುದು ಗೌತಮಿಯ ಸಂಬಳದಲ್ಲಿ. ಅವಳು ಟಿಕೋಟಾದ ಆಸ್ಪತ್ರೆಯಲ್ಲಿ ನರ್ಸು.

ವಿಶಾಖಾ ಮೊದಲ ಭಾನುವಾರ ಎಲ್ಲರನ್ನೂ ಬಬಲೇಶ್ವರಕ್ಕೆ ಹೊರಡಿಸಿದಳು. ಅಪ್ಪನಿಗೆ ಸಿನಿಮಾದ ಹುಚ್ಚು ಹಿಡಿದದ್ದು ಅಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು ಹೈಸ್ಕೂಲು ಓದುವಾಗ. ಬಬಲೇಶ್ವರ ಗೌತಮಿಯ ತವರೂ ಹೌದು, ಹಾಗಾಗಿ ಒಲ್ಲೆ ಒಲ್ಲೆ ಎನ್ನುತ್ತಲೇ ಅವಳೂ ಬಸ್ ಹತ್ತಿದಳು. ಟೆಂಟ್ ಟಾಕೀಸು ಇದ್ದ ಬಯಲಲ್ಲಿ ಗೊಬ್ಬರದಂಗಡಿಯೂ ಮೊಬೈಲ್ ಅಂಗಡಿಯೂ ಎದ್ದಿದ್ದವು. ಟೆಂಟಿನ ಮಷಿನ್ ನಡೆಸುತ್ತಿದ್ದ ಪೀರಸಾಬ ಈಗ ಮುದುಕ, ಅಂಗಡಿ ಕಟ್ಟೆಯ ಮೇಲೆ ಕೂತು ಮಾತಾಡಿದ. ಹಾಸ್ಟೆಲ್ ಹುಡುಗರ ಹತ್ತಿರ ಟಿಕೇಟಿನ ದುಡ್ಡು ಇರುತ್ತಿರಲಿಲ್ಲ, ಟೆಂಟಿನ ಹಿಂಬದಿಯಿಂದ ನುಸುಳಿ ಪರದೆಯ ಬೆನ್ನಿಗೆ ಕೂತು ನೋಡುತ್ತಿದ್ದರು. ಅಲ್ಲಿಂದ ಎಲ್ಲ ತಿರುಗಾಮುರುಗಾ ಕಾಣುವುದು. ಬಹಳ ದಿನ ಶಾಂತಪ್ಪ ಸಿನಿಮಾದ ಹೀರೋಗಳೆಲ್ಲ ಎಡಗೈಯವರು ಎಂದೇ ತಿಳಿದಿದ್ದನಂತೆ.

“ಓಡಿಸ್ತಿರಲಿಲ್ಲೇನ್ರಿ ಅವರನ್ನ?” ಎಂದು ವಿಶಾಖಾ ಕೇಳಿದಳು.

“ಯಾಕ ಓಡಸಲಿ ತಂಗಿ? ಹಿಂದ ಕುಂತ ಹುಡುಗರು ಗದ್ಲ ಮಾಡತಿರಲಿಲ್ಲ. ರೊಕ್ಕಾ ಕೊಟ್ಟು ಬಂದವರಾ ಮಾಡತಿದ್ರು.”

ಗೌತಮಿಗೆ ತನ್ನ ಅವ್ವ ನೆನಪಾದಳು. ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು, ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೆಂಗಸರ ಕಡೆಯ ಬಾಗಿಲಿಂದ ಟೆಂಟಿಗೆ ಹೊಗುತ್ತಿದ್ದಳು. ನೀರು ಚಿಮುಕಿಸಿದ ನೆಲದ ವಾಸನೆ, ಜನರೇಟರಿನ ಸದ್ದು, ರೀಲು ಕಡಿದಾಗ ಏಳುತ್ತಿದ್ದ ಸಿಳ್ಳು. ಪರದೆಯ ಈ ಕಡೆ ತಾನು ಕೂತಿದ್ದಾಗ ಆ ಕಡೆ ಮುಂದೆ ತನ್ನ ಗಂಡನಾಗುವ ಹುಡುಗ ಕೂತಿದ್ದ. ಇಬ್ಬರೂ ಒಂದೇ ಚಿತ್ರವನ್ನು ನೋಡುತ್ತಿದ್ದರು. ಆ ದಿನಗಳೂ ಹೋದವು, ಅವ್ವನೂ ಹೋದಳು. ಮಗಳು ಕ್ಯಾಮೆರಾ ತನ್ನ ಕಡೆ ತಿರುಗಿಸಿದ್ದನ್ನು ಕಂಡು ಅವಳು ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಆಮೇಲಿನ ವಾರಗಳಲ್ಲಿ ವಿಶಾಖಾ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತ ಬಂದಳು. ಸಿನಿಮಾ ಯಾಕೆ ನಿಂತಿತು? ಅಂದು ಶೂಟ್ ಮಾಡಿದ್ದ ಅಲ್ಲಾಉದ್ದೀನ ಬಾಡಿಗೆ ಕ್ಯಾಮೆರಾದ ಅವಧಿ ಮುಗಿದಿತ್ತು ಎಂದ. ಸೀತವ್ವ ರೊಟ್ಟಿ ತಿರುವಿ ಹಾಕುತ್ತ ನಸೀಬು ಎಂದಳು. ಶಾಂತಪ್ಪ ಮಾತ್ರ ಅಷ್ಟೂ ವರ್ಷ ಹೇಳಿದ್ದನ್ನೇ ಹೇಳಿದ. ಕಡೇ ದಿನ ಅಡ್ಡಮಳೆ ಬಂತು, ಎಲ್ಲ ತೊಯ್ದು ಹೋಯಿತು, ಕೆಲಸ ನಿಂತಿತು.

ಅಡಿಗೆಮನೆಯಲ್ಲಿ ಮಡಕಿ ಕಾಳು ಆರಿಸುತ್ತಿದ್ದ ಗೌತಮಿಯ ಕೈ ಅಲ್ಲೇ ನಿಂತಿತು. ಈ ಮಳೆಯನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಬೀಗರ ಮುಂದೆ, ಗೆಳೆಯರ ಮುಂದೆ, ಕೆಲಸ ಕೇಳಲು ಹೋದ ಕಡೆಯಲ್ಲೆಲ್ಲ ಶಾಂತಪ್ಪ ಆ ಮಳೆಯನ್ನು ಸುರಿಸಿದ್ದ. ಜನ ನಕ್ಕಿದ್ದರು. ಬಂಧುಬಳಗದಲ್ಲಿ ಅವನಿಗೆ ಬಾಕಿ ಡೈರೆಕ್ಟರ್ ಎಂಬ ಹೆಸರೇ ಬಿದ್ದಿತ್ತು.

ಮಳೆ ಬಂದಿರಲಿಲ್ಲ. ಶೂಟಿಂಗಿಗೆ ಮನೆ ಬಿಟ್ಟುಕೊಟ್ಟಿದ್ದ ಕಳ್ಳಕವಟಗಿಯ ಗುರುಬಾಯಿಯ ಪಡಸಾಲೆಯಲ್ಲಿ ಅಂದು ನಡೆದದ್ದು ಗೌತಮಿಗೆ ನಿನ್ನೆಯಂತೆ ನೆನಪಿತ್ತು. ಸೊಸೆಯ ಪಾತ್ರ ಅವಳದೇ. ಒಪ್ಪಿಕೊಂಡಿದ್ದ ನಟಿ ಕೈಕೊಟ್ಟಾಗ ಗಂಡ ಬೇಡಿಕೊಂಡಿದ್ದ, ಅವಳು ರಜೆ ಹಾಕಿ ಬಂದಿದ್ದಳು. ಬೆಳಗ್ಗೆ ಎಲ್ಲರಿಗೂ ಅಡಿಗೆ, ಹೊತ್ತೇರಿದ ಮೇಲೆ ನಟನೆ. ಸಣ್ಣ ವಿಶಾಖಾ ಎಲ್ಲರ ಕಾಲಲ್ಲಿ ಓಡಾಡಿಕೊಂಡಿದ್ದಳು. ಅಷ್ಟು ನಕ್ಕ ದಿನಗಳು ಗೌತಮಿಯ ಬಾಳಿನಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಕಡೇ ಸೀನು ಗಂಡನ ಸಾವಿನದು. ಹೆಣದ ಮುಂದೆ ಸೊಸೆ ಕೂಡಬೇಕು, ಊರ ಮುದುಕಿಯರು ಬಂದು ಕಲ್ಲಿನಿಂದ ಅವಳ ಬಳೆ ಒಡೆಯಬೇಕು. ಗಂಡನ ಪಾತ್ರದ ಹುಡುಗ ಅದೇ ದಿನ ನೌಕರಿಯ ಕರೆ ಬಂದು ಓಡಿಹೋದ. ಹೆಣಕ್ಕೇನು ಮಾತಿಲ್ಲ, ಮುಖವೂ ಅರ್ಧ ಮುಚ್ಚಿರುತ್ತದೆ, ನಾನೇ ಮಲಗುತ್ತೇನೆ ಎಂದು ಶಾಂತಪ್ಪ ಮೂಗಿಗೆ ಹತ್ತಿ ಇಟ್ಟುಕೊಂಡು ಚಾಪೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟ.

ಗೌತಮಿ ಆಸ್ಪತ್ರೆಯಲ್ಲಿ ಹೆಣ ಕಂಡವಳು. ಅಮಾವಾಸ್ಯೆ, ಶಕುನ ಎನ್ನುವ ಬಾಣಂತಿಯರಿಗೆ ದಿನವೂ ಬುದ್ಧಿ ಹೇಳುವವಳು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ ಇರುವ ಮನೆಯಲ್ಲಿ ಹುಟ್ಟಿ ಅಂಥದೇ ಮನೆಗೆ ಬಂದವಳು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂಬಂತೆ, ಆ ಚಾಪೆಯ ಮೇಲೆ ಹತ್ತಿಯಿಟ್ಟ ತನ್ನ ಗಂಡನ ಮೂಗು ಕಂಡದ್ದೇ ತಡ ಅವಳು ಹಿಂದೆ ಸರಿದಳು. ಬಳೆ ತೊಟ್ಟ ಕೈ ಮುಂದೆ ಚಾಚಲು ಆಗಲಿಲ್ಲ. ನಾಳೆ ಡ್ಯೂಟಿ ಇದೆ, ರಜೆ ಮುಗಿಯಿತು ಎಂದು ಸುಳ್ಳು ಹೇಳಿ, ಮಗಳನ್ನು ಎತ್ತಿಕೊಂಡು ಟಿಕೋಟಾದ ಬಸ್ ಹತ್ತಿದಳು. ಶಾಂತಪ್ಪ ಬಸ್ಸಿನವರೆಗೆ ಬಂದ. ಅವಳ ಮುಖ ನೋಡಿದ, ಏನೂ ಕೇಳಲಿಲ್ಲ. ಆ ಸೀನು ಮಾಡೋಣ ಎಂದು ಮತ್ತೆಂದೂ ಅನ್ನಲಿಲ್ಲ. ನಡೆದದ್ದನ್ನು ಮರೆತು ತನ್ನ ಮಳೆಯನ್ನೇ ನಂಬಿದ್ದಾನೆ ಎಂದು ಗೌತಮಿ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಮುಂದಿನ ಭಾನುವಾರ ಗೌತಮಿಯ ತಮ್ಮ ಕುನಾಲ ಊಟಕ್ಕೆ ಬಂದ. ಬ್ಯಾಂಕಿನಲ್ಲಿ ನೌಕರಿ, ಮಾತು ಸ್ವಲ್ಪ ಉದ್ದ. ಶೇಂಗಾ ಹಿಂಡಿ, ಜುಣಕ, ಬಿಸಿ ರೊಟ್ಟಿ ಬಡಿಸಿದ್ದರು. ಒಂದು ಮೂಲೆಯಲ್ಲಿ ಕ್ಯಾಮೆರಾ ನಿಂತಿತ್ತು. ಅದನ್ನು ಕಂಡು ಕುನಾಲನ ನಾಲಿಗೆಗೆ ಇನ್ನಷ್ಟು ಹುರುಪು ಬಂತು. ಅಕ್ಕ ಬೆಳಗಾದರೆ ಬಸ್ಸಿಗೆ ಓಡುತ್ತಾಳೆ, ಭಾವ ಕನಸು ಕಾಣುತ್ತ ಕೂಡುತ್ತಾನೆ, ಇದರ ಸಿನಿಮಾ ಮಾಡಿದರೆ ನೋಡುವವರು ನಗುತ್ತಾರೆ ಎಂದ. ತಲೆ ಬಗ್ಗಿಸಿ ಉಣ್ಣುತ್ತಿದ್ದ ಶಾಂತಪ್ಪನ ಕಡೆಗೇ ಕುನಾಲ ತಿರುಗಿದ.

“ಮಾಮಾ, ಮದವಿ ವಿಡಿಯೋದಾಗ ಅಕ್ಕಿಕಾಳ ಹಾಕೂದಾ ಬಿಟ್ಟು ಕೊಟ್ರ ಮಂದಿ ಸುಮ್ಮನ ಬಿಡತಾರೇನು? ನಿಮ್ಮ ಸಿನಿಮಾ ಹಂಗಾತು. ಒಂದ ಸೀನು ತಗಿಯಾಕ ಆಗದಾಂವ ಎಂಥಾ ಡೈರೆಕ್ಟರು?”

“ಮಳಿ ಬಂತಪಾ ಕುನಾಲ,” ಎಂದ ಶಾಂತಪ್ಪ ಸಮಾಧಾನದಿಂದ. “ಮಳಿಗೆ ಏನ ಮಾಡಾಕ ಬರತೈತಿ?”

ವಿಶಾಖಾ ಕ್ಯಾಮೆರಾದ ಹಿಂದಿನಿಂದಲೇ ಮೆಲ್ಲಗೆ ಬಾಯಿ ಹಾಕಿದಳು. ಅಲ್ಲಾಉದ್ದೀನ ಕಾಕಾ ಆ ಶೂಟಿಂಗಿನ ಎಲ್ಲವನ್ನೂ ಕಾಯ್ದಿಟ್ಟಿದ್ದಾನೆ, ತಾನು ಕೂತು ಎಲ್ಲ ನೋಡಿದ್ದೇನೆ ಎಂದಳು. “ಮರುದಿವಸ ಕಾಕಾ ಊರಿಂದು ಒಂದ ಶಾಟ್ ತಗದಾನ ಅಪ್ಪಾ. ದನಾ ಹೊಂಟಾವ. ಕೆಂಪ ಧೂಳ ಏಳಾಕತ್ತೈತಿ. ಮಳಿ ಎಲ್ಲಿ ಬಂತು?”

ಶಾಂತಪ್ಪ ತುತ್ತು ಕೈಯಲ್ಲೇ ಹಿಡಿದು ಮಗಳನ್ನು ನೋಡಿದ. ಆಮೇಲೆ ಅಲ್ಲಿ ಬಂದಿರಲಿಲ್ಲ, ತೋಟದ ಕಡೆ ಬಂದಿತ್ತು ಎಂದು ತೊದಲಿದ. ಅಷ್ಟು ದೊಡ್ಡ ಮನುಷ್ಯ ತಾಟಿನ ಮುಂದೆ ಕಳ್ಳನ ಹಾಗೆ ಕೂತದ್ದನ್ನು ಕಂಡು ಗೌತಮಿಗೆ ತಡೆಯಲಾಗಲಿಲ್ಲ. ಈತ ಮರೆತಿರಲಿಲ್ಲ. ಹೆಂಡತಿಯ ಹೆಸರು ಬರಬಾರದೆಂದು ಹದಿನೈದು ವರ್ಷ ಊರ ನಗೆಯನ್ನು ತನ್ನ ಮೇಲೆ ಹಾಕಿಕೊಂಡು ಬಂದಿದ್ದ.

“ಮಳಿ ಬಂದಿಲ್ಲ,” ಎಂದಳು. “ನಾ ಒಲ್ಲೆ ಅಂದ್ನಿ.”

ಕುನಾಲ ಅಗಿಯುವುದನ್ನು ನಿಲ್ಲಿಸಿದ. ಹೋಗಲಿ ಬಿಡು ಎಂದು ಶಾಂತಪ್ಪ ಕೈ ಸನ್ನೆ ಮಾಡಿದ. ಅವಳು ಬಿಡಲಿಲ್ಲ. ಕ್ಯಾಮೆರಾ ಮುಚ್ಚಬೇಡ ಎಂದು ಮಗಳಿಗೆ ಹೇಳಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

“ಇವರು ಹೆಣಾ ಆಗಿ ಮಲಗಿದ್ರು. ಮುಂದ ಕುಂತು ನಾ ಬಳಿ ಒಡಸ್ಕೋಬೇಕಿತ್ತು. ದಿನಾ ಮಂದಿಗೆ ಶಾಣ್ಯಾತನ ಹೇಳಾಕಿ ನಾ. ನನ್ನ ಕೈಲೆ ಆಗಲಿಲ್ಲ. ಡ್ಯೂಟಿ ಐತಿ ಅಂತ ಸುಳ್ಳ ಹೇಳಿ ಬಸ್ ಹತ್ತಿನಿ. ತಪ್ಪ ನಂದು, ಮಾತ ಇವರು ಕೇಳಿದ್ರು.”

ಒಲೆಯ ಮುಂದೆ ಕೂತಿದ್ದ ಸೀತವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈಯ ಹಿಟ್ಟನ್ನು ನಾದುವ ಕೊಣಮಿಗೆಯ ಅಂಚಿಗೆ ಒರೆಸಿ, ಈ ಕಡೆ ತಿರುಗಿದಳು. ಸೊಸೆಯ ಮೇಲೆ ಸಿಟ್ಟು ಬಂದಿರಬೇಕೆಂದು ಎಲ್ಲರೂ ತಿಳಿದರು.

“ನಾ ಬಳಿ ಒಡಸ್ಕೊಂಡ್ನಿ ಅಂತ ನಿಮಗ ಯಾರ ಹೇಳಿದ್ರು?” ಎಂದಳು.

ಎಲ್ಲ ಕಡೆ ಹಾಗೇ ಅಲ್ಲವೇ ಮಾಡುವುದು, ಎಲ್ಲ ಸಿನಿಮಾದಲ್ಲೂ ಹಾಗೇ ತೋರಿಸುತ್ತಾರಲ್ಲ ಎಂದ ಶಾಂತಪ್ಪ.

“ಎಲ್ಲಾರ ಸುದ್ದಿ ನನಗ ಗೊತ್ತಿಲ್ಲ. ನಾ ಒಡಿಸ್ಕೊಳ್ಳಿಲ್ಲ,” ಎಂದಳು ಸೀತವ್ವ. “ಹಸರ ಬಳಿ, ಟಿಕೋಟಾ ಸಂತ್ಯಾಗ ಇಟಗೊಂಡಿದ್ನಿ. ಮುಂಜಾನೆ ಬಾವಿ ಕೆಲಸಕ್ಕ ಹೋಗೂ ಮುಂದ ನಿಮ್ಮಪ್ಪ, ಬಳಿ ಚಂದ ಅದಾವ ಅಂದು ಹೋಗಿದ್ದ. ಸಂಜಿಕ ಮುದುಕ್ಯಾರು ಕಲ್ಲ ಹಿಡಕೊಂಡ ಬಂದ್ರು. ನಾ ಎರಡೂ ಕೈ ಬೆನ್ನ ಹಿಂದ ಕಟಗೊಂಡು ಕುಂತ್ನಿ. ಅಂವ ಚಂದ ಅಂದದ್ದನ್ನ ನಾ ಯಾಕ ಒಡೀಲಿ? ಬೈದ್ರು, ಎಳದ್ರು, ಅತ್ರು. ನಾ ಕೈ ಕೊಡಲಿಲ್ಲ.”

“ಮುಂದ?” ಎಂದಳು ವಿಶಾಖಾ.

“ಮುಂದೇನೈತಿ. ಕಸಾ ತಗಿಯೂ ಮುಂದ ಒಂದ ಒಡೀತು, ಜ್ವಾಳಾ ಕೊಯ್ಯೂ ಮುಂದ ಒಂದ ಒಡೀತು. ಕೂಲಿ ಮಾಡೂ ಕೈ, ಎಷ್ಟ ದಿನ ಉಳದಾವು? ಊರಾಗ ನಾಚಿಕಿಗೇಡಿ ಅಂದ್ರು, ಅನ್ನಲಿ ಬಿಡು.” ಮಗನ ಕಡೆ ತಿರುಗಿದಳು. “ನೀ ಸಣ್ಣಾಂವ ಇದ್ದಿ. ನನ್ನ ಬೆನ್ನ ಹಿಂದ ಕುಂತು ಬಳಿ ಕೂಡ ಆಡಾಕತ್ತಿದ್ದಿ. ಮಂದಿ ನನ್ನ ಕೈ ಎಳದಾಗೊಮ್ಮೆ ನೀನೂ ಹಿಡದು ಜಗ್ಗತಿದ್ದಿ.”

ಶಾಂತಪ್ಪ ಎಂಜಲು ಕೈಯಲ್ಲೇ ಕೂತಿದ್ದ. ಅವನಿಗೆ ಇದಾವುದೂ ನೆನಪಿರಲಿಲ್ಲ. ತಾಯಿಯ ಕಥೆ ಎಂದು ಹೇಳಿಕೊಂಡು ತಿರುಗಿದವನು, ಒಂದೊಂದು ಸೀನನ್ನೂ ಹತ್ತು ಸಲ ತಿದ್ದಿ ಬರೆದವನು.

“ಯವ್ವಾ, ಇದನ್ನ ನನಗ ಯಾಕ ಹೇಳಲಿಲ್ಲ?”

“ನೀ ಯಾವಾಗ ಕೇಳಿದಿ?” ಎಂದಳು ಸೀತವ್ವ. “ನೀ ಬರದ ತಂದಿ, ಓದಿ ತೋರಿಸಿದಿ. ಮಗಾ ಇಷ್ಟ ಬರದಾನಲಾ ಅಂತ ಚಂದ ಐತಿ ಅಂದ್ನಿ.”

ಆ ಮಧ್ಯಾಹ್ನ ಕುನಾಲ ಮೊದಲ ಬಾರಿಗೆ ಆ ಮನೆಯಲ್ಲಿ ಮಾತಿಲ್ಲದೆ ಊಟ ಮುಗಿಸಿದ. ಹೋಗುವಾಗ ಭಾವನ ಭುಜ ಮುಟ್ಟಿ, ಶೂಟಿಂಗಿಗೆ ಗಾಡಿ ಬೇಕಿದ್ದರೆ ತಾನು ತರುತ್ತೇನೆ ಎಂದಷ್ಟೇ ಹೇಳಿದ. ಶೂಟಿಂಗು ಎಂಬ ಶಬ್ದವನ್ನು ಅದುವರೆಗೆ ಅಲ್ಲಿ ಯಾರೂ ಎತ್ತಿರಲಿಲ್ಲ.

ಎತ್ತಿದ ಮೇಲೆ ಅದು ಕೆಳಗಿಳಿಯಲಿಲ್ಲ. ವಾರವೆಲ್ಲ ಊಟದ ಹೊತ್ತಿಗೆ ಅದೇ ಜಗಳ. ಗೌತಮಿಗೆ ಈಗ ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ, ವಿಶಾಖಾಳೇ ಸೊಸೆಯಾಗಲಿ ಎಂದು ಅಲ್ಲಾಉದ್ದೀನ ಸೂಚಿಸಿದ. ವಿಶಾಖಾ ತನ್ನ ಸಾಕ್ಷ್ಯಚಿತ್ರದ ಕ್ಯಾಮೆರಾ ಬಿಟ್ಟು ಬರುವುದಿಲ್ಲ ಎಂದಳು. ಶಾಂತಪ್ಪ ಎರಡು ದಿನ ಯೋಚಿಸಿ, ಸಿನಿಮಾದ ಕ್ಯಾಮೆರಾವನ್ನು ಸೊಸೆಯ ಬೆನ್ನ ಹಿಂದೆ ಇಡೋಣ, ಕಟ್ಟಿಕೊಂಡ ಕೈಗಳಷ್ಟೇ ಕಾಣಲಿ, ಕೈಗಳ ಆಚೆಗೆ ಹೆಣ, ಬಾಗಿಲಲ್ಲಿ ಮುದುಕಿಯರು ಎಂದ. ಅಂದು ಬೆನ್ನ ಹಿಂದೆ ಕೂತ ಮಗು ನೋಡಿದ್ದು ಅಷ್ಟನ್ನೇ ತಾನೇ. ಅದನ್ನು ಹೇಳುವಾಗ ಅವನ ಮುಖದಲ್ಲಿ ಹಳೆಯ ಬೇಸಿಗೆಯ ಕಳೆ ಬಂದಿತ್ತು. ಗೌತಮಿ ಅದನ್ನು ಕಂಡು ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಹೆಣದ ಮಾತು ಬಂದಾಗ ಅವನೇ ಮೊದಲು ಹಿಂದೆ ಸರಿದ. “ಕುನಾಲ ಮಲಗತಾನಂತ. ನೀ ಅಂಜಬ್ಯಾಡ,” ಎಂದ.

ಗೌತಮಿಯ ಅಂಜಿಕೆ ಹೋಗಿರಲಿಲ್ಲ. ಆದರೆ ಅತ್ತೆ ಅಂಜದೆ ಕೂತಿದ್ದಳೆಂದು ಯಾರು ಹೇಳಬಲ್ಲರು?

“ನನ್ನ ಸಲುವಾಗಿ ಇಷ್ಟ ವರ್ಷ ಮಳಿ ತರಸಿದವರು ನೀವು,” ಎಂದಳು. “ನೀವಾ ಮಲಕೋರಿ.”

ಕಳ್ಳಕವಟಗಿಗೆ ಹೋದದ್ದು ಒಣದ್ರಾಕ್ಷಿ ಮಾಡುವ ಕಾಲದಲ್ಲಿ. ಹಳೇ ಸಿನಿಮಾದಲ್ಲಿ ಜೋಳವಿದ್ದ ಹೊಲದಲ್ಲಿ ಈಗ ದ್ರಾಕ್ಷಿ ಚಪ್ಪರ, ಅದರಾಚೆ ಹಸಿರು ಬಲೆ ಇಳಿಬಿಟ್ಟ ಒಣಗಿಸುವ ಶೆಡ್ಡು. ಗುರುಬಾಯಿಯ ಪಡಸಾಲೆ ಮಾತ್ರ ಇದ್ದಂತೆಯೇ ಇತ್ತು. ಗುರುಬಾಯಿ ಬಾಗಿಲಲ್ಲೇ ಗೌತಮಿಯ ಕೈ ಹಿಡಿದು, ಆಗ ಅಡಿಗೆ ಅರ್ಧಕ್ಕೆ ಬಿಟ್ಟು ಹೋದವಳು ಈಗ ಬಂದೆಯಾ ಎಂದು ಛೇಡಿಸಿದಳು. ಮಾಡಿನ ತೊಲೆ, ಗೋಡೆಯ ಗೂಡು, ತಾನು ಒಲೆ ಹೂಡಿದ್ದ ಮೂಲೆ ನೋಡಿ ಗೌತಮಿಯ ಕಣ್ಣು ತುಂಬಿದವು. ಓಡಾಡುತ್ತಿದ್ದ ಸಣ್ಣ ವಿಶಾಖಾ ಇಲ್ಲೇ ಎಲ್ಲೋ ಇದ್ದಾಳೆ ಎನಿಸಿತು. ದೊಡ್ಡ ವಿಶಾಖಾ ತನ್ನ ಕ್ಯಾಮೆರಾದ ಸ್ಟ್ಯಾಂಡು ಹೂಡುತ್ತ ಬೆಳಕಿಗೆ ಅಡ್ಡ ನಿಲ್ಲಬೇಡ ಎಂದು ಅಮ್ಮನನ್ನು ಬೈದಳು.

ಸೀತವ್ವ ಮುದುಕಿಯರಿಗೆ ಕಲ್ಲು ಹೇಗೆ ಹಿಡಿಯಬೇಕು, ಎಲ್ಲಿಂದ ಬರಬೇಕು ಎಂದು ತೋರಿಸಿಕೊಟ್ಟಳು. ಶಾಂತಪ್ಪ ಹತ್ತಿಯನ್ನು ಕೈಗೆತ್ತಿಕೊಂಡಾಗ ಮಾತ್ರ ಎದ್ದು ಹೊರಟಳು. “ಮಗನ್ನ ಹಂಗ ನಾ ನೋಡಾಂಗಿಲ್ಲ. ನಿಮ್ಮ ಸಿನಿಮಾ ನೀವು ಮಾಡ್ರಿ,” ಎಂದು ಶೆಡ್ಡಿನ ಕಡೆ ನಡೆದಳು.

ಗೌತಮಿ ಹಸಿರು ಬಳೆ ತೊಟ್ಟು, ಗಂಡನ ಪಕ್ಕ ನೆಲದ ಮೇಲೆ ಕೂತಳು. ಅವನು ಕಣ್ಣು ಮುಚ್ಚಿದ. ಅದೇ ಮೂಗು, ಅದೇ ಹತ್ತಿ. ಮುದುಕಿಯರು ಬಾಗಿಲು ದಾಟಿ ಬಂದರು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬೆರಳಿಗೆ ಬೆರಳು ಬಿಗಿದಳು. ಒಬ್ಬಳು ರಟ್ಟೆ ಹಿಡಿದು ಎಳೆದಳು. ಇನ್ನೊಬ್ಬಳು ತಿಳಿಹೇಳಿದಳು, ಬೈದಳು. ನಟನೆ ಎಂದು ಹೇಳಿಕೊಟ್ಟಿದ್ದರೂ ಹಳ್ಳಿಯ ಹೆಂಗಸರು ನಿಜವಾಗಿಯೇ ಎಳೆಯುತ್ತಿದ್ದರು. ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಗೌತಮಿ ಕೈ ಬಿಡಲಿಲ್ಲ. ಕೊಡುವುದಿಲ್ಲ ಎಂಬುದೊಂದೇ ಅವಳ ತಲೆಯಲ್ಲಿತ್ತು, ಅತ್ತೆಯ ಬಳೆಯೋ ತನ್ನದೋ ಎಂಬುದೂ ತಿಳಿಯದಂತಾಗಿತ್ತು.

ಅಷ್ಟರಲ್ಲಿ ಸಿನಿಮಾದ ಕ್ಯಾಮೆರಾ ಹಿಡಿದಿದ್ದ ಅಲ್ಲಾಉದ್ದೀನ ನಿಲ್ಲಿಸಿ ಎಂದ.

“ಯಾಕೋ?” ಎಂದಳು ಗುರುಬಾಯಿ.

“ಹೆಣಾ ಅಳಾಕತ್ತೈತ್ರಿ,” ಎಂದ.

ಎಲ್ಲರೂ ನೋಡಿದರು. ಶಾಂತಪ್ಪನ ಮುಚ್ಚಿದ ಕಣ್ಣುಗಳಿಂದ ನೀರು ಇಳಿದು ಎರಡೂ ಕಿವಿಗಳನ್ನು ತೋಯಿಸಿತ್ತು. ಅವನು ಎದ್ದು ಕೂತು ತಪ್ಪಾಯಿತು, ತಪ್ಪಾಯಿತು ಎಂದ. ಬಳೆಯ ಸದ್ದು ಕೇಳಿ ಹಾಗಾಯಿತು ಎಂದ. ಶಾಟ್ ಕೆಟ್ಟಿತ್ತು, ಬೆಳಕು ಬಾಗಿಲಿಂದ ಸರಿಯುತ್ತಿತ್ತು. ಇವತ್ತಿಗೆ ಸಾಕು, ಹೆಂಗಸರಿಗೂ ಕೆಲಸವಿದೆ, ಇನ್ನೊಂದು ದಿನ ನೋಡೋಣ ಎಂದು ಅವನೇ ಹತ್ತಿ ಕಿತ್ತುಕೊಳ್ಳತೊಡಗಿದ.

ಗೌತಮಿ ಅವನ ಕೈ ಹಿಡಿದು ನಿಲ್ಲಿಸಿದಳು. ಸೆರಗಿನಿಂದ ಅವನ ಕಣ್ಣು, ಕೆನ್ನೆ, ಕಿವಿ ಒರೆಸಿದಳು. ಜಾರಿದ್ದ ಹತ್ತಿಯನ್ನು ನರ್ಸಮ್ಮನ ಬೆರಳಿನಲ್ಲಿ ಸರಿಯಾಗಿ ಇಟ್ಟಳು. ಅವನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ಒತ್ತಿದಳು.

“ಮಲಕೋರಿ,” ಎಂದಳು. “ಇವತ್ತ ಮುಗಿಸೇ ಹೋಗೂಣು.”